ನಡುಗೋಡೆ

ಕೆಮ್ಮಣ್ಣುಗುಂಡಿ ಎಂದರೆ ನಿಮಗೆಲ್ಲ ಗುಲಾಬಿ ತೋಟ, ರಾಜಭವನ, ಝಡ್ ಪಾಯಿಂಟು, ಮುಖಕ್ಕೆ ಬಂದು ಒರೆಸಿಕೊಂಡು ಹೋಗುವ ಮಂಜು ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಗೋಡೆ. ಅಪ್ಪ ಅಲ್ಲಿ ರೋಪ್‌ವೇ ಗುಮಾಸ್ತರಾಗಿದ್ದಾಗ ನಾವಿದ್ದ ಸಾಲುಮನೆಯಲ್ಲಿ ಒಂದೇ ಮಾಡಿನ ಕೆಳಗೆ ಎರಡು ಸಂಸಾರ. ನಡುವಿನ ಗೋಡೆ ಹೆಂಚಿನವರೆಗೆ ಏರಿರಲಿಲ್ಲ. ಆ ಕಡೆಯವರು ಒಗ್ಗರಣೆ ಹಾಕಿದರೆ ಈ ಕಡೆ ನಾವು ಸೀನುತ್ತಿದ್ದೆವು. ಹಿತ್ತಲಿನ ನಲ್ಲಿ ಮತ್ತು ಬಚ್ಚಲ ಹಂಡೆ ಇಬ್ಬರಿಗೂ ಸೇರಿದ್ದು. ಜಗಳವೇನಾದರೂ ಆದರೆ ಆ ನಲ್ಲಿಯ ಹತ್ತಿರವೇ.

ಆ ಬೆಟ್ಟವೂ ಹಾಗೆಯೇ ಪಾಲಾದದ್ದು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ತಂಗುತ್ತಿದ್ದ ಜಾಗ. ಅವರ ಹೆಸರಿನಲ್ಲೇ ಕೃಷ್ಣರಾಜೇಂದ್ರ ಗಿರಿಧಾಮವೆಂದು ಕರೆದರು. ಆದರೆ ಬಾಯಿಗೆ ಬರುವುದು ಕೆಂಪು ಮಣ್ಣಿನ ಹೆಸರೇ. ಒಂದು ಕಡೆ ಹೂದೋಟ, ಇನ್ನೊಂದು ಕಡೆ ಕಬ್ಬಿಣದ ಅದಿರಿನ ಗಣಿ, ಸುತ್ತ ಕಾಡು. ಭದ್ರಾವತಿಯಲ್ಲಿ 1923ರಲ್ಲಿ ಕುಲುಮೆ ಹೊತ್ತಿಕೊಂಡ ಮೇಲೆ ಅದಕ್ಕೆ ಬೇಕಾದ ಅದಿರನ್ನು ಒದಗಿಸಿದ್ದು ಈ ಬೆಟ್ಟ. ಅದಿರು ತುಂಬಿದ ತೊಟ್ಟಿಗಳು ತಂತಿಯ ಮೇಲೆ ತೂಗಿಕೊಂಡು ಕೆಳಗಿಳಿಯುತ್ತಿದ್ದವು. ಯಾವ ತೊಟ್ಟಿ ಎಷ್ಟು ಹೊತ್ತಿಗೆ ಹೋಯಿತೆಂದು ಬರೆದಿಡುವುದು ಅಪ್ಪನ ಕೆಲಸ.

ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ನಾನು 2003ರಲ್ಲಿ ಒಂದು ಕಂಪ್ಯೂಟರು ಕೊಂಡೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ಹಾಕಿಸಿದೆ. ಪರೀಕ್ಷೆಯ ಪ್ರಶ್ನೆಪತ್ರಿಕೆಗೆಂದು ಕಲಿತದ್ದು ಅಪ್ಪನ ಕಥೆಗೆ ಒದಗಿತು. ಮಧ್ಯಾಹ್ನ ಮಲಗಿ ಎದ್ದ ಮೇಲೆ ಅವರು ಹೇಳುವುದು, ನಾನು ಒತ್ತುವುದು. ಹೀಗೆ ಅರವತ್ತು ಪುಟದ ಹತ್ತಿರ ಬಂದಿತ್ತು.

2006ರ ದೀಪಾವಳಿಗೆ ಅಣ್ಣನ ಮಗ ಬೆಂಗಳೂರಿನಿಂದ ತರೀಕೆರೆಗೆ ಬಂದ. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಬಟ್ಟೆಯ ಚೀಲದಲ್ಲಿ ಸ್ವೀಟಿನ ಡಬ್ಬಿಗಿಂತ ಮೊದಲು ಒಂದು ಸಿ.ಡಿ. ಹೊರಬಂತು. ಉಬುಂಟು ಅಂತೆ. ವಿದೇಶದಿಂದ ಅಂಚೆಯಲ್ಲಿ ಬಿಟ್ಟಿಯಾಗಿ ಬಂದದ್ದಂತೆ. ಬಿಟ್ಟಿ ಬಂದ ವಸ್ತುವಿನ ಮೇಲೆ ನನಗೆ ಯಾವತ್ತೂ ಅನುಮಾನ.

"ಅತ್ತೆ, ವಿಂಡೋಸ್ ತೆಗೆಯಲ್ಲ. ಅದರ ಪಕ್ಕದಲ್ಲೇ ಇದನ್ನೂ ಇಡ್ತೀನಿ. ಡಿಸ್ಕ್ ಪಾರ್ಟಿಷನ್ ಮಾಡಿದ್ರಾಯ್ತು."

ಒಳಕೋಣೆಯಿಂದ ಅಪ್ಪ ಗಾಬರಿಯಾಗಿ ಕೂಗಿದರು: "ಯಾರೇ ಅದು, ಪಾರ್ಟಿಷನ್ ಕೇಳ್ತಿರೋದು?"

ನಕ್ಕು ಸಾಕಾಯಿತು. ಆದರೆ ಯೋಚಿಸಿ ನೋಡಿದರೆ ಅಪ್ಪ ಕೇಳಿದ್ದರಲ್ಲಿ ತಪ್ಪೇನಿಲ್ಲ. ಡಿಸ್ಕಿನಲ್ಲೂ ಒಂದು ಪಾಲುಪಟ್ಟಿ ಇರುತ್ತದೆ, ಅದೂ ಮೊಟ್ಟಮೊದಲ ಪುಟದಲ್ಲೇ. ಐಬಿಎಂ ಕಂಪನಿ 1983ರಲ್ಲಿ ತಂದ ಪಿಸಿ ಎಕ್ಸ್‌ಟಿಯಲ್ಲಿ 10 ಮೆಗಾಬೈಟಿನ ಡಿಸ್ಕು ಇತ್ತು. ಇವತ್ತು ನಾಲ್ಕು ಫೋಟೋ ಹಿಡಿಸದಷ್ಟು ಜಾಗ. ಅಷ್ಟು ಸಣ್ಣ ಮನೆಗೂ ಅವರು ಪಾಲಿನ ಏರ್ಪಾಡು ಮಾಡಿದ್ದರು. ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳು ಒಂದೇ ಡಿಸ್ಕಿನಲ್ಲಿ ಇರಲಿ ಎಂಬುದೇ ಅದರ ಉದ್ದೇಶ. ಡಿಸ್ಕಿನ ಮೊದಲ 512 ಬೈಟುಗಳಲ್ಲಿ 64 ಬೈಟು ಪಾಲುಪಟ್ಟಿಗೆ ಮೀಸಲು, ಅದರಲ್ಲಿ ನಾಲ್ಕೇ ಸಾಲು. ನಾಲ್ಕು ಜನಕ್ಕಿಂತ ಹೆಚ್ಚು ವಾರಸುದಾರರು ಇರಲಾರರು ಎಂದುಕೊಂಡಿರಬೇಕು ಪಾಪ. ಕೆಲವೇ ವರ್ಷಗಳಲ್ಲಿ ಸಾಲದಾಯಿತು. 1987ರಲ್ಲಿ ಡಾಸ್ 3.3 ಬರುವ ಹೊತ್ತಿಗೆ ಒಂದು ಪಾಲನ್ನೇ ಒಳಗೊಳಗೆ ತುಂಡು ಮಾಡುವ ಉಪಾಯ ಬಂದಿತ್ತು. ನಮ್ಮ ಕಡೆ ಹಜಾರಕ್ಕೆ ತಡಿಕೆ ಕಟ್ಟಿ ಮೂರನೆಯ ಸೊಸೆಗೆ ಕೋಣೆ ಮಾಡುತ್ತಾರಲ್ಲ, ಹಾಗೆ. ಇತ್ತೀಚಿನ ಯಂತ್ರಗಳ ಪಟ್ಟಿಯಲ್ಲಿ 128 ಸಾಲು ಇರುತ್ತದೆ.

ವಿಂಡೋಸು ಮತ್ತು ಲಿನಕ್ಸಿನದು ವಾರಗಿತ್ತಿಯರ ಸಂಬಂಧ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಹೊರತಂದ ಲಿನಕ್ಸ್ ಮೊದಲಿನಿಂದಲೂ ಇನ್ನೊಬ್ಬರ ಮನೆಯ ಪಕ್ಕದ ಕೋಣೆಯಲ್ಲಿ ಇದ್ದು ಅಭ್ಯಾಸವಾದದ್ದು. ಒಳಬರುವಾಗಲೇ ಬಾಗಿಲಲ್ಲಿ ಪಟ್ಟಿ ತೂಗುಹಾಕಿ "ಯಾರ ಮನೆಗೆ ಹೋಗಬೇಕು?" ಎಂದು ಕೇಳುತ್ತದೆ. ಆ ಕಾಲದ ವಿಂಡೋಸು ಹಾಗಲ್ಲ. ಪಕ್ಕದ ಪಾಲನ್ನು ನೋಡಿ "ಯಾರೋ ಗೊತ್ತಿಲ್ಲ" ಎನ್ನುತ್ತಿತ್ತು. ತಾನು ಎರಡನೆಯ ಸಲ ಮನೆಹೊಕ್ಕರೆ ಬಾಗಿಲ ಪಟ್ಟಿಯನ್ನು ಕಿತ್ತುಹಾಕಿ ತನ್ನ ಹೆಸರನ್ನಷ್ಟೇ ಬರೆದುಕೊಳ್ಳುತ್ತಿತ್ತು. ಲಿನಕ್ಸು ಒಳಗೇ ಇರುತ್ತದೆ, ಬಾಗಿಲು ಮಾತ್ರ ಕಾಣುವುದಿಲ್ಲ.

ಸರಿ, ಹುಡುಗ ಕುಳಿತ. ವಿಂಡೋಸಿನ ಪಾಲನ್ನು ಒತ್ತರಿಸಿ ಚಿಕ್ಕದು ಮಾಡಬೇಕು. ಡಿಸ್ಕಿನ ತುದಿಯಲ್ಲಿರುವ ಸಾಮಾನನ್ನೆಲ್ಲ ಮುಂದಕ್ಕೆ ಎತ್ತಿಟ್ಟು ಜಾಗ ಖಾಲಿ ಮಾಡುವ ಕೆಲಸ ಅದು. ಎತ್ತಿಡುವಾಗ ನಡುವೆ ನಿಲ್ಲುವಂತಿಲ್ಲ.

"ಅಪ್ಪನದನ್ನ ಬೇರೆ ಕಡೆ ತೆಗೆದಿಟ್ಟಿದೀಯೇನೋ?" ಎಂದೆ.

"ಆಗಸ್ಟಲ್ಲಿ ನೀವೇ ಸಿ.ಡಿ. ಮಾಡಿಸಿದ್ರಲ್ಲ ಅತ್ತೆ."

ಹೌದಲ್ಲ ಎಂದುಕೊಂಡು ಹೋಳಿಗೆಯ ಹೂರಣ ರುಬ್ಬಲು ಹೋದೆ. ಆಗಸ್ಟಿನಿಂದೀಚೆಗೆ ಹನ್ನೊಂದು ಪುಟ ಸೇರಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಪಟ್ಟಿ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಮಿಕ್ಸಿ ನಿಂತ ಸದ್ದಿಲ್ಲದಲ್ಲಿ ಯುಪಿಎಸ್ಸಿನ ಕೀಂ ಕೀಂ ಕೇಳಿತು. ಅದರ ಬ್ಯಾಟರಿ ಬದಲಿಸಬೇಕೆಂದು ಒಂದು ವರ್ಷದಿಂದ ಹೇಳಿಕೊಳ್ಳುತ್ತಿದ್ದವಳು ನಾನೇ. ಹುಡುಗ ಪರದೆಯ ಮುಂದೆ ಕೈಮುಗಿದು ಕುಳಿತಿದ್ದ. ಐದು ನಿಮಿಷವೂ ಬರಲಿಲ್ಲ.

ಹಬ್ಬದ ಎರಡು ದಿನ ಅವನು ಊಟಕ್ಕೆ ಸರಿಯಾಗಿ ಏಳಲಿಲ್ಲ. ಆ ಸಿ.ಡಿ.ಯಿಂದಲೇ ಕಂಪ್ಯೂಟರನ್ನು ಎಬ್ಬಿಸಿ, ಮುರಿದ ಮನೆಯೊಳಗೆ ದೀಪ ಹಿಡಿದು ಹುಡುಕುವವರಂತೆ ಒಂದೊಂದೇ ಕಡತ ಹೊರತೆಗೆದ. ಫೋಟೋ ಸಿಕ್ಕವು, ಪ್ರಶ್ನೆಪತ್ರಿಕೆ ಸಿಕ್ಕವು. ಅಪ್ಪನ ಕಡತದ ಹೆಸರು ಸಿಕ್ಕಿತು, ಒಳಗೆ ಸೊನ್ನೆ ಬೈಟು.

ಆಗಸ್ಟಿನ ಸಿ.ಡಿ.ಯ ಪುಟಗಳನ್ನು ತೆರೆದರೆ ಲಿನಕ್ಸಿನಲ್ಲಿ ಕನ್ನಡವೇ ಇಲ್ಲ. ಕೊಂಬು ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಆಗ ನಾವು ಬಳಸುತ್ತಿದ್ದ ನುಡಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿತ್ತು. ಆ ಅಕ್ಷರಶೈಲಿ ಇಲ್ಲದ ಮನೆಯಲ್ಲಿ ಬಣ್ಣ ಬಯಲು. ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ, ಯಾವ ಪಾಲಿನಲ್ಲಿ ತೆರೆದರೂ ಕನ್ನಡವೇ. ಆ ಪುಟಗಳನ್ನೆಲ್ಲ ಅದಕ್ಕೆ ಬದಲಾಯಿಸಿ ತಿದ್ದುವುದರಲ್ಲಿ ಸಂಕ್ರಾಂತಿ ಬಂತು.

ಹೋದ ಹನ್ನೊಂದು ಪುಟದ ವಿಷಯ ಅಪ್ಪನಿಗೆ ಹೇಳಲು ನನಗೆ ವಾರ ಹಿಡಿಯಿತು. ಎಂಬತ್ತು ದಾಟುತ್ತಿದ್ದ ಜೀವ. ಕೇಳಿ ಸುಮ್ಮನಿದ್ದರು. ಆಮೇಲೆ, "ಇಲ್ಲಿ ಕೂತು ಎರಡನೇ ಸಲ ಹೇಳಕ್ಕಾಗಲ್ಲಮ್ಮ. ಮೇಲಕ್ಕೆ ಕರಕೊಂಡು ಹೋಗು" ಎಂದರು.

ಫೆಬ್ರವರಿಯಲ್ಲಿ ಕಾರು ಮಾಡಿಕೊಂಡು ಲಿಂಗದಹಳ್ಳಿಯ ಮೇಲೆ ಹತ್ತಿದೆವು. ಅಪ್ಪ ಶಾಲು ಹೊದ್ದು ಬಿಸಿಲಿಗೆ ಕುಳಿತು ಹೇಳಿದರು, ನಾನು ನೋಟ್‌ಬುಕ್ಕಿನಲ್ಲಿ ಬರೆದೆ. ಮೊದಲ ಸಲ ಅವರು ಹೇಳಿದ್ದು ತೊಟ್ಟಿಗಳ ಲೆಕ್ಕ, ಸಾಹೇಬರ ತನಿಖೆ, ತಂತಿ ಕೆಟ್ಟ ದಿನ. ಈ ಸಲ ಅದು ಅರ್ಧಕ್ಕೆ ಮುಗಿಯಿತು. ಅಮ್ಮನ ಮಾತು ಬಂತು. ನಾನು ಹುಟ್ಟಿದ ರಾತ್ರಿ ಅಪ್ಪ ಪಾಳಿಯ ಮೇಲಿದ್ದರಂತೆ, ಹೊರಗೆ ಮುಸಲಧಾರೆಯಂತೆ. ಅಮ್ಮ ಒಬ್ಬಳೇ ನರಳಿದ್ದು ಗೋಡೆಯ ಮೇಲಿನ ಸಂದಿಯಿಂದ ಪಕ್ಕದ ಮನೆಯಾಕೆಗೆ ಕೇಳಿಸಿತಂತೆ. ಎರಡು ತಿಂಗಳಿಂದ ನಲ್ಲಿಯ ಜಗಳದಲ್ಲಿ ಮಾತು ಬಿಟ್ಟಿದ್ದವಳು, ಕಂಬಳಿ ಕೊಪ್ಪೆ ಹಾಕಿಕೊಂಡು ಬಂದು ಹಂಡೆಗೆ ಒಲೆ ಹೊತ್ತಿಸಿದಳಂತೆ.

"ಇದನ್ನ ಮೊದಲನೇ ಸಲ ಯಾಕೆ ಹೇಳಲಿಲ್ಲ ಅಪ್ಪ?"

"ಆಫೀಸಿನ ವಿಷಯ ಬರೀತಿದೀಯ ಅಂದ್ಕೊಂಡಿದ್ದೆ."

ಆಕೆಯ ಹೆಸರೇನೆಂದರೆ ನೆನಪಾಗಲಿಲ್ಲ. ಪಕ್ಕದ್ಮನೆಯಾಕೆ ಎಂದೇ ಬರೆದುಕೊಂಡೆ. ಮನೆಗೆ ಬಂದು ಲಿನಕ್ಸಿನ ಕಡೆ ಕುಳಿತು ಒತ್ತಿ ಮುಗಿಸಿದ ರಾತ್ರಿ ಅಪ್ಪ ಒಳಗಿನಿಂದ ಕೇಳಿದರು: "ಈ ಸಲ ಎಷ್ಟು ಕಡೆ ಇಟ್ಟೆ?"

"ಮೂರು ಕಡೆ" ಎಂದೆ.