ಸೊನ್ನೆಯಿಂದ ಭಾಗಿಸಿದರೆ ಎಷ್ಟು?

ನಮ್ಮ ಶಾಲೆಯ ಗಣಿತದ ತರಗತಿಯಲ್ಲಿ ಆಗಾಗ ಏಳುವ ಪ್ರಶ್ನೆ ಇದು: "ಸರ್, ಒಂದನ್ನು ಸೊನ್ನೆಯಿಂದ ಭಾಗಿಸಿದರೆ ಎಷ್ಟು ಬರುತ್ತೆ?" ಹಿಂದಿನ ಬೆಂಚಿನಿಂದ ಯಾರೋ 'ಅನಂತ' ಎನ್ನುತ್ತಾರೆ. ಪಠ್ಯಪುಸ್ತಕ 'ವ್ಯಾಖ್ಯಾನಿಸಿಲ್ಲ' ಎನ್ನುತ್ತದೆ. ಕೇಳಿದ ಹುಡುಗ ತನ್ನದು ಪೆದ್ದು ಪ್ರಶ್ನೆಯೇನೋ ಎಂದುಕೊಂಡು ಕುಳಿತುಬಿಡುತ್ತಾನೆ. ಆದರೆ ಇದೇ ಪ್ರಶ್ನೆಗೆ ಭಾರತದ ಮೂವರು ಮಹಾನ್ ಗಣಿತಜ್ಞರು ಮೂರು ಬೇರೆ ಬೇರೆ ಉತ್ತರ ಕೊಟ್ಟಿದ್ದರು. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಆ ಕಥೆಯನ್ನು ನೆನೆಯಬೇಕೆನಿಸಿತು.

ಮೊದಲನೆಯವರು ಬ್ರಹ್ಮಗುಪ್ತ. ಕ್ರಿ.ಶ. 628ರಲ್ಲಿ ಬರೆದ 'ಬ್ರಹ್ಮಸ್ಫುಟ ಸಿದ್ಧಾಂತ'ದಲ್ಲಿ ಅವರು ಸೊನ್ನೆಯನ್ನೂ ಒಂದು ಸಂಖ್ಯೆಯೆಂದೇ ಪರಿಗಣಿಸಿ, ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಹೇಳಿದರು. ಅವೆಲ್ಲ ಇಂದಿಗೂ ಸರಿ. ಭಾಗಾಕಾರದಲ್ಲಿ ಮಾತ್ರ ತೊಡಕಾಯಿತು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದರು. ಬೇರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದಾಗ, ಸೊನ್ನೆಯೇ ಛೇದವಾಗಿರುವ ಭಿನ್ನರಾಶಿ ಎಂದಷ್ಟೇ ಹೇಳಿ, ಬೆಲೆ ಹೇಳದೆ ಬಿಟ್ಟರು.

ಎರಡನೆಯವರು ಮಹಾವೀರಾಚಾರ್ಯ. ಕನ್ನಡ ನಾಡನ್ನಾಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ಸುಮಾರು 850ರ ಹೊತ್ತಿಗೆ ರಚಿಸಿದ 'ಗಣಿತಸಾರ ಸಂಗ್ರಹ'ದಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಎಂದರು. ಅವರ ಲೆಕ್ಕ ಹೀಗಿದ್ದಿರಬಹುದು: ಬುಟ್ಟಿಯಲ್ಲಿ ಹತ್ತು ಮಾವಿನಹಣ್ಣಿವೆ, ಹಂಚಿಕೊಳ್ಳಲು ಯಾರೂ ಇಲ್ಲ, ಹತ್ತೂ ಬುಟ್ಟಿಯಲ್ಲೇ ಉಳಿದವು. ಕುತೂಹಲದ ಸಂಗತಿಯೆಂದರೆ, ಅವರು ಸೇರಿದ ಜೈನ ಪರಂಪರೆ ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಆಗಲೇ ವಿಂಗಡಿಸಿತ್ತು. ಆದರೂ ಈ ಭಾಗಾಕಾರಕ್ಕೆ ಅವರು ಅನಂತವನ್ನು ತರಲಿಲ್ಲ.

ಅದನ್ನು ತಂದವರು ಎರಡನೆಯ ಭಾಸ್ಕರಾಚಾರ್ಯ. ಹನ್ನೆರಡನೆಯ ಶತಮಾನದ 'ಬೀಜಗಣಿತ'ದಲ್ಲಿ ಅವರು ಇಂಥ ರಾಶಿಯನ್ನು 'ಖಹರ' ಎಂದು ಕರೆದು, ಅದು ಅನಂತ ಎಂದರು. ಅದಕ್ಕೆ ಏನನ್ನು ಕೂಡಿಸಿದರೂ, ಅದರಿಂದ ಏನನ್ನು ಕಳೆದರೂ ಬದಲಾಗದು. ಸೃಷ್ಟಿ–ಪ್ರಳಯಗಳಲ್ಲಿ ಅಚ್ಯುತನು ಬದಲಾಗದಿರುವಂತೆ ಎಂಬ ಹೋಲಿಕೆಯನ್ನೂ ಕೊಟ್ಟರು.

ಭಾಸ್ಕರರ ಉತ್ತರ ಸತ್ಯಕ್ಕೆ ಬಹಳ ಹತ್ತಿರದ್ದು. ಒಂದನ್ನು 0.1ರಿಂದ ಭಾಗಿಸಿ, 10 ಬರುತ್ತದೆ. 0.01ರಿಂದ ಭಾಗಿಸಿದರೆ 100, 0.001ರಿಂದ 1000. ಭಾಜಕ ಸೊನ್ನೆಯ ಹತ್ತಿರ ಹೋದಷ್ಟೂ ಉತ್ತರ ಮಿತಿಯಿಲ್ಲದೆ ಬೆಳೆಯುತ್ತದೆ. ಆದರೆ ಋಣ ಸಂಖ್ಯೆಗಳ ಕಡೆಯಿಂದ ಬನ್ನಿ: −0.001ರಿಂದ ಭಾಗಿಸಿದರೆ −1000. ಅಂದರೆ ಒಂದೇ ಸೊನ್ನೆಯತ್ತ ಹೊರಟು ಎರಡು ವಿರುದ್ಧ ದಿಕ್ಕುಗಳಿಗೆ ಸೇರುತ್ತೇವೆ. ಇನ್ನೊಂದು ತೊಡಕೂ ಉಂಟು. 3÷0, 5÷0 ಎರಡೂ ಅನಂತವೇ ಆದರೆ, ಅನಂತವನ್ನು ಸೊನ್ನೆಯಿಂದ ಗುಣಿಸಿದಾಗ ಮೂರೂ ಬರಬೇಕು, ಐದೂ ಬರಬೇಕು. ಹಾಗಾಗಿಯೇ ಪಠ್ಯಪುಸ್ತಕ 'ವ್ಯಾಖ್ಯಾನಿಸಿಲ್ಲ' ಎನ್ನುತ್ತದೆ. ಆ ಒಂದು ಪದದ ಹಿಂದೆ ಸಾವಿರ ವರ್ಷಕ್ಕೂ ಮೀರಿದ ಚಿಂತನೆಯಿದೆ.

ಅನಂತಕ್ಕೆ ನಾವು ಬಳಸುವ ∞ ಚಿಹ್ನೆಯನ್ನು 1655ರಲ್ಲಿ ಇಂಗ್ಲೆಂಡಿನ ಜಾನ್ ವಾಲಿಸ್ ಬಳಕೆಗೆ ತಂದರು. ಇಂದು ಅದು ನನ್ನ ವೃತ್ತಿಯಲ್ಲೂ ಇದೆ. ಕಂಪ್ಯೂಟರುಗಳು ದಶಾಂಶ ಸಂಖ್ಯೆಗಳನ್ನು ನಿಭಾಯಿಸಲು 1985ರಲ್ಲಿ ರೂಪುಗೊಂಡ ಐಇಇಇ 754 ಎಂಬ ಮಾನಕದ ಪ್ರಕಾರ, ಒಂದನ್ನು ಸೊನ್ನೆಯಿಂದ ಭಾಗಿಸಿದರೆ ಬರುವ ಉತ್ತರ 'ಅನಂತ'. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ 'ಇದು ಸಂಖ್ಯೆಯಲ್ಲ'. ಧನ, ಋಣ ಎಂದು ಎರಡು ಅನಂತಗಳೂ ಅದರಲ್ಲಿವೆ. ಪೂರ್ಣಾಂಕಗಳಾದರೆ ಮಾತ್ರ ಪ್ರೋಗ್ರಾಂ ಸಾಮಾನ್ಯವಾಗಿ ದೋಷ ತೋರಿಸಿ ನಿಂತುಬಿಡುತ್ತದೆ. 1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ಯುದ್ಧನೌಕೆ ಯಾರ್ಕ್‌ಟೌನ್ ನಡುನೀರಿನಲ್ಲಿ ನಿಂತುಹೋಗಿತ್ತು. ಸಿಬ್ಬಂದಿಯೊಬ್ಬರು ತುಂಬಿದ ಒಂದು ಸೊನ್ನೆಯಿಂದ ಭಾಗಿಸಲು ಹೋಗಿ ಅದರ ಕಂಪ್ಯೂಟರ್ ವ್ಯವಸ್ಥೆ ಕುಸಿದಿತ್ತು. ಭಾಗಿಸುವ ಮುನ್ನ ಭಾಜಕ ಸೊನ್ನೆಯೇ ಎಂದು ನೋಡಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠಗಳಲ್ಲೊಂದು.

ಈಗ ನಮ್ಮ ಶಾಲೆಯ ಬೆಂಚುಗಳಲ್ಲಿ ಕುಳಿತಿರುವ ತಮ್ಮ ತಂಗಿಯರೇ, ಬ್ರಹ್ಮಗುಪ್ತರೂ ಮಹಾವೀರಾಚಾರ್ಯರೂ ಈ ಪ್ರಶ್ನೆಯ ಮುಂದೆ ಎಡವಿದವರೇ. ಆದರೂ ಅವರು ಪ್ರಶ್ನೆಯನ್ನು ಎದುರಿಸಿ, ತಮಗೆ ತೋಚಿದ್ದನ್ನು ಬರೆದಿಟ್ಟದ್ದರಿಂದಲೇ ಮುಂದಿನವರು ಅದನ್ನು ತಿದ್ದಲು ಸಾಧ್ಯವಾಯಿತು. ನೀವೂ ಎದ್ದು ನಿಂತು ಕೇಳಿ. ಗುರುಗಳಲ್ಲಿ ನನ್ನದೊಂದು ವಿನಂತಿ: ಮುಂದಿನ ಸಲ ಈ ಪ್ರಶ್ನೆ ಬಂದಾಗ 'ವ್ಯಾಖ್ಯಾನಿಸಿಲ್ಲ' ಎಂದು ಹೇಳುವ ಮೊದಲು, ನೃಪತುಂಗನ ಕಾಲದ ಆ ಗಣಿತಜ್ಞರ ಹೆಸರನ್ನೊಮ್ಮೆ ಕಪ್ಪುಹಲಗೆಯ ಮೇಲೆ ಬರೆಯಿರಿ.