ಆಷಾಢದ ಮಲೆನಾಡಿನಲ್ಲಿ ಕಾಫಿ

ಮಲೆನಾಡನ್ನು ನೋಡಬೇಕೆನ್ನುವವರು ಸಾಮಾನ್ಯವಾಗಿ ದಸರೆ ಕಳೆದ ಮೇಲೆ ಹೊರಡುವರು. ಆಷಾಢದಲ್ಲಿ ಘಟ್ಟದ ಕಡೆಗೆ ಹೊರಟವನನ್ನು ಕಂಡರೆ, ಅಲ್ಲಿ ಇವನಿಗೆ ಸಾಲದ ವ್ಯವಹಾರವೋ ಸಾವಿನ ಸುದ್ದಿಯೋ ಇರಬೇಕೆಂದು ಬಯಲುಸೀಮೆಯ ಬಂಧುಗಳು ಊಹಿಸುವರು. ಹಾದಿಯಲ್ಲಿ ಇಂಬಳ, ಮೈಮೇಲೆ ಕಂಬಳಿ, ಕಣ್ಣೆದುರಿಗೆ ಮಂಜು. ಇಷ್ಟೇ ಆ ಪ್ರಯಾಣದ ಲಾಭವೆಂದು ಅವರ ಮತ. ಆದರೆ ಕಾಫಿಯ ಸವಿಯನ್ನು ಅದು ಬೆಳೆಯುವ ನೆಲದಲ್ಲಿಯೇ ಅರಿಯಬೇಕೆಂಬ ಆಸೆಯುಳ್ಳವರಿಗೆ ಈ ಕಾಲವೇ ತಕ್ಕದ್ದೆಂದು ನಾನು ವಿನಯದಿಂದ ಸೂಚಿಸಬಯಸುತ್ತೇನೆ.

ಕಾರಣವು ಸರಳವಾದುದು. ಮಾರ್ಚಿ ಏಪ್ರಿಲುಗಳ ಹೂಮಳೆಗೆ ಅರಳಿದ ಗಿಡವು ಮಳೆಗಾಲವೆಲ್ಲ ಹಸಿರು ಕಾಯನ್ನು ಹೊತ್ತು ನಿಂತಿರುವುದು. ಕೊಯ್ಲು ನಡೆಯುವುದು ನವೆಂಬರಿನಿಂದ ಫೆಬ್ರವರಿಯವರೆಗೆ. ಆಗ ಕಣ, ಪಲ್ಪರು, ಆಳು, ಲೆಕ್ಕ ಇವುಗಳ ನಡುವೆ ತೋಟದ ಮನೆಯವರಿಗೆ ಕುಳಿತು ಕುಡಿಯುವ ವ್ಯವಧಾನವಿರದು. ಮಳೆ ಹಿಡಿದ ಮೇಲಾದರೋ ಒಲೆಯ ಮುಂದೆ ಹೊತ್ತು ಬೇಕಾದಷ್ಟಿರುವುದು. ಪುಡಿಯು ಥಂಡಿಗೆ ಬೇಗನೆ ಮುದ್ದೆಗಟ್ಟುವುದರಿಂದ, ಅಂದಂದಿಗೆ ಬೇಕಾದ ಬೀಜವನ್ನು ಅಂದಂದೇ ಹುರಿದು ಬೀಸುವ ಮನೆಗಳು ಇಂದಿಗೂ ಉಂಟು.

ಕೆಲವು ವರ್ಷಗಳ ಹಿಂದೆ ಇಂಥದೊಂದು ಆಷಾಢದಲ್ಲಿ ನಾನು ಮೂಡಿಗೆರೆಯ ಕಡೆಯಿಂದ ಬಾಳೆಹೊನ್ನೂರಿಗೆ ಹೋಗುತ್ತಿದ್ದಾಗ, ಮರವೊಂದು ರಸ್ತೆಗೆ ಅಡ್ಡ ಬಿದ್ದು ಪ್ರಯಾಣ ನಿಂತುಹೋಯಿತು. ಹತ್ತಿರದ ತೋಟದ ಮನೆಯವರು ನನ್ನನ್ನು ಒಳಗೆ ಕರೆದರು. ಆ ಮನೆಯ ಹಿರಿಯಮ್ಮನವರು ಕೊಟ್ಟ ಕಾಫಿಯನ್ನು ಕುಡಿದು, "ಇದು ನಿಮ್ಮ ತೋಟದ್ದೆಯೇ ಅಮ್ಮಾ?" ಎಂದು ಕೇಳಿದೆನು. "ನಮ್ಮದೇ ಕಣಪ್ಪಾ. ಆದರೆ ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಇಂಥ ಬೀಜ ಈ ಒಲೆಯನ್ನು ಕಂಡಿರಲಿಲ್ಲ. ಒಳ್ಳೆಯದೆಲ್ಲ ಮೂಟೆಗೆ, ನೆಲದಿಂದ ಆರಿಸಿದ ಉದುರು ಮನೆಗೆ" ಎಂದರು. ಬೆಳೆದವರ ಮನೆಯಲ್ಲಿ ಬೆಳೆಯ ಸವಿಯೇ ಇಲ್ಲದಿರುವುದು ಹೇಗೆ? ಈ ಮಾತಿನ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇರುವುದೆಂದು ನನಗೆ ಅಂದು ತೋರಿತು.

ಬಾಬಾ ಬುಡನ್ ಎಂಬ ಸಂತರು ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮೆನಿನ ಮೋಖಾದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯವನ್ನು ವಾಚಕರೆಲ್ಲರೂ ಬಲ್ಲರು. ಇದು ಹದಿನೇಳನೆಯ ಶತಮಾನದ ಸಂಗತಿಯೆಂದು ಹೇಳುವರು. ಏಳೆಂಬ ಸಂಖ್ಯೆಯನ್ನು ನಂಬಬಹುದು, ಬಿಡಬಹುದು. ಆದರೆ ಇಂಗ್ಲಿಷರ ತೋಟಗಳು ಏಳುವುದಕ್ಕೆ ಮುಂಚೆಯೇ ಈ ಗಿರಿಯ ಸುತ್ತಣ ಹಿತ್ತಲುಗಳಲ್ಲಿ ಕಾಫಿಯ ಗಿಡವಿದ್ದುದು ನಿಜ. ಅಂದಿನ ಬೆಳೆಯು ಚಿಕ್ಕದು. ಮರಗಳ ನೆರಳಿನಲ್ಲಿ ಬೆಳೆದು ನೆರೆಯ ಸಂತೆಗೆ ಹೋಗುವಷ್ಟು ಮಾತ್ರ.

ಈ ಹಿತ್ತಲ ಬೆಳೆಯು ಹಡಗಿನ ಸರಕಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಸುಮಾರು 1830ರಲ್ಲಿ ಕ್ಯಾನನ್ ಎಂಬ ಇಂಗ್ಲಿಷರವನು ಬಾಬಾಬುಡನ್‌ಗಿರಿಯ ದಕ್ಷಿಣಕ್ಕೆ ತೋಟವೆಬ್ಬಿಸಿದನು. 1843ರಲ್ಲಿ ಗ್ರೀನ್ ಎಂಬವನು ಮಂಜರಾಬಾದಿನಲ್ಲಿ ಆರಂಭಿಸಿದನು. 1854ರಲ್ಲಿ ಕೊಡಗಿನ ಮಡಿಕೇರಿಯ ಬಳಿ ಯುರೋಪಿಯನರ ಮೊದಲ ತೋಟವೆದ್ದಿತು. ಹೊಸ ದೊರೆಗಳಲ್ಲಿ ಹಲವರು ಹೆಚ್ಚಿನ ಬೆಳೆಯ ಆಸೆಯಿಂದ ನೆರಳಿನ ಮರಗಳನ್ನೆಲ್ಲ ಕಡಿಸಿ ಗುಡ್ಡಗಳನ್ನು ಬೋಳುಮಾಡಿದರು. ಬಿಸಿಲು ಬಿದ್ದ ಗಿಡದ ಕಾಂಡಕ್ಕೆ ಕೊರೆಹುಳು ಹತ್ತಿತು. 1860ರ ದಶಕದಲ್ಲಿ ಕೊಡಗಿನ ತೋಟಗಳು ಇದರಿಂದ ಬಹಳ ನಷ್ಟಕ್ಕೊಳಗಾದವು. ನೆರಳಿಲ್ಲದೆ ಈ ಸೀಮೆಯಲ್ಲಿ ಕಾಫಿಯು ಬಾಳದೆಂಬುದನ್ನು ನಮ್ಮ ರೈತರ ಹಿತ್ತಲುಗಳಿಂದಲೇ ಕಲಿಯಬಹುದಾಗಿದ್ದಿತು. ಕಲಿತದ್ದು ಹಣ ತೆತ್ತ ಮೇಲೆ. ಮಾಗುವುದು ನಿಧಾನವಾದಷ್ಟೂ ಬೀಜಕ್ಕೆ ಸಾರ ಹೆಚ್ಚೆಂದು ಬಲ್ಲವರ ಮತ. ಆದುದರಿಂದ ಬಟ್ಟಲಿನಲ್ಲಿ ನಾವು ಸವಿಯುವ ಗುಣದಲ್ಲಿ ಆ ಮರಗಳ ಪಾಲೂ ಇದೆ.

ಹೀಗೆ ಬೆಳೆದುದು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಮಂಗಳೂರು, ತಲಚೇರಿಗಳ ಬಂದರುಗಳನ್ನು ಸೇರುತ್ತಿದ್ದಿತು. ಅಲ್ಲಿಂದ ಹಾಯಿಹಡಗುಗಳು ಆಫ್ರಿಕದ ತುದಿಯನ್ನು ಬಳಸಿಕೊಂಡು ಯುರೋಪಿಗೆ ಹೋಗಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದಿತು. ಕಡಲಿನ ತೇವಕ್ಕೆ ಬೀಜವು ಉಬ್ಬಿ, ಹಸಿರು ಕಳೆದು ಹೊಂಬಣ್ಣಕ್ಕೆ ತಿರುಗಿ, ಹುಳಿಯು ತಗ್ಗಿ ಮೃದುವಾಗುತ್ತಿದ್ದಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣವು ಕಿರಿದಾದ ಮೇಲೆ, ಬೀಜವು ಮೊದಲಿನಂತೆ ಮಾಗದೆ ಹೋಯಿತೆಂದು ಕೊಳ್ಳುವವರು ಗೊಣಗಿದರಂತೆ. ಅದಕ್ಕಾಗಿ ಪಡುವಣ ಕರಾವಳಿಯ ಕಾಫಿ ಮಳಿಗೆಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಬೀಜವನ್ನು ನೆಲದ ಮೇಲೆ ಹರವಿ, ಮಳೆಗಾಳಿಗೆ ಒಡ್ಡಿ, ಆಗಾಗ ಕೈಯಾಡಿಸಿ ಅದೇ ಗುಣವನ್ನು ತರಿಸುವ ಕ್ರಮವು ರೂಢಿಗೆ ಬಂದಿತು. ಮಾನ್ಸೂನ್ಡ್ ಮಲಬಾರ್ ಎಂದು ಲೋಕಪ್ರಸಿದ್ಧವಾದುದು ಇದೇ. ನಾವು ಹಳಿಯುವ ಆಷಾಢದ ಗಾಳಿಗೆ ಪರದೇಶದವರು ಬೆಲೆ ಕೊಟ್ಟರು!

ಇಷ್ಟು ಹೊತ್ತಿಗೆ ಉತ್ತಮವಾದುದು ಹಡಗಿಗೆ, ಉಳಿದುದು ಮನೆಗೆ ಎಂಬುದು ಮಲೆನಾಡಿನ ಅಲಿಖಿತ ಶಾಸನವಾಗಿದ್ದಿತು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಪೇಟೆ ಮುಚ್ಚಿದಾಗ ಬೆಳೆಗಾರರನ್ನು ಕಾಪಾಡಲು 1940ರಲ್ಲಿ ಸುಗ್ರೀವಾಜ್ಞೆಯೂ 1942ರಲ್ಲಿ ಕಾಯಿದೆಯೂ ಆದವು. ಮನೆಯ ಬಳಕೆಗೆ ಬಿಟ್ಟ ಅಂಶವನ್ನುಳಿದು ಬೆಳೆಯೆಲ್ಲವನ್ನೂ ಕಾಫಿ ಬೋರ್ಡಿನ ಒಟ್ಟು ದಾಸ್ತಾನಿಗೆ ಒಪ್ಪಿಸಬೇಕಾಯಿತು. ಅದರಿಂದ ಬೆಳೆಗಾರನು ಬದುಕಿದನೆಂಬುದನ್ನು ಮರೆಯಲಾಗದು. ಆದರೆ ಎಲ್ಲರ ಬೀಜವೂ ದರ್ಜೆದರ್ಜೆಯಾಗಿ ಒಂದರಲ್ಲೊಂದು ಬೆರೆತ ಮೇಲೆ, ಈ ರುಚಿಯು ಇಂಥ ಗುಡ್ಡದ್ದೆಂಬ ಗುರುತು ಉಳಿಯಲಿಲ್ಲ. 1990ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಿ, 1996ರ ವೇಳೆಗೆ ಬೆಳೆಗಾರನು ತನ್ನ ಬೆಳೆಯೆಲ್ಲವನ್ನೂ ತಾನೇ ಮಾರಬಲ್ಲವನಾದನು. ಪೇಟೆಯ ಏರಿಳಿತದ ಹೊಡೆತವೂ ಅವನ ಪಾಲಿಗೇ ಬಂದಿತು. ಅಂತೂ ತನ್ನ ಬೀಜವನ್ನು ತಾನೇ ಹುರಿದು, ರುಚಿ ನೋಡಿ, ತನ್ನ ತೋಟದ ಹೆಸರಿನಲ್ಲಿ ಮಾರುವ ಮನೆಗಳು ಅನಂತರ ಕಾಣಿಸಿಕೊಂಡವು.

ಹಿರಿಯಮ್ಮನವರ ಒಲೆಗೆ ಒಳ್ಳೆಯ ಬೀಜವು ಬಂದುದು ಈ ದಾರಿಯಲ್ಲಿ. ಸಂಜೆ ಮಳೆ ತುಸು ತಗ್ಗಿದಾಗ, ಕಂಬಳಿಕೊಪ್ಪೆಯ ಆಳೊಬ್ಬಳು ಅಂಗಳಕ್ಕೆ ಬಂದು, ಮರವನ್ನು ಕಡಿದು ದಾರಿ ಬಿಡಿಸಿದರೆಂದು ತಿಳಿಸಿದಳು. ಅಮ್ಮನವರು ಅದೇ ಪಾತ್ರೆಯಿಂದ ಅವಳಿಗೂ ಒಂದು ಲೋಟ ಬಗ್ಗಿಸಿ ಕೊಟ್ಟರು. "ಇವಳ ಅಜ್ಜಿಯೂ ಇದೇ ತೋಟದಲ್ಲಿ ಹಣ್ಣು ಕೊಯ್ದವಳು. ಅವಳಿಗೆ ನಾವು ಕೊಡುತ್ತಿದ್ದುದು ಗಷ್ಟಿನ ಮೇಲೆ ಎರಡನೆಯ ಸಲ ಸುರಿದ ನೀರಿಗೆ ಬೆಲ್ಲ" ಎಂದು ಹೇಳಿ ಸುಮ್ಮನಾದರು. ನಾನೂ ಏನೂ ಹೇಳಲಿಲ್ಲ.

ಉದುರನ್ನು ತಮ್ಮ ಮನೆಗೆ ಉಳಿಸಿಕೊಂಡವರೂ ತಮಗಿಂತ ಕೆಳಗೆ ಇನ್ನೊಂದು ಲೋಟವನ್ನು ಇಟ್ಟಿದ್ದರು. ಚರಿತ್ರೆಯನ್ನು ಬರೆಯುವಾಗ ಹಡಗಿನ ಲೆಕ್ಕವು ನಮಗೆ ಸುಲಭವಾಗಿ ಸಿಕ್ಕುವುದು. ಈ ಲೋಟದ ಲೆಕ್ಕವು ಹೀಗೆ ಮಳೆಗೆ ಸಿಕ್ಕಿಬಿದ್ದ ಸಂಜೆಗಳಲ್ಲಿ ಮಾತ್ರ ಸಿಕ್ಕುವುದು. ವಾಚಕರಲ್ಲಿ ಯಾರಾದರೂ ಬರುವ ಆಷಾಢದಲ್ಲಿ ಆ ಕಡೆಗೆ ಹೋದರೆ, ಕಂಬಳಿಯನ್ನು ಮರೆಯದಿರಲಿ. ಮನೆಯವರು ಕಾಫಿ ಕೊಟ್ಟಾಗ, ಹಿಂದೆ ಈ ಮನೆಯಲ್ಲಿ ಯಾರು ಯಾವುದನ್ನು ಕುಡಿಯುತ್ತಿದ್ದರೆಂದು ಒಂದು ಮಾತು ಕೇಳಲಿ.