ಬಳಪ ಹಿಡಿಯುವ ಮೊದಲು

ಶಾಲೆಯ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಕಟ್ಟಡ, ಪಠ್ಯಪುಸ್ತಕ, ಪರೀಕ್ಷೆಯ ಫಲಿತಾಂಶಗಳನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಮಗು ಮನೆಯಿಂದ ಹೊತ್ತು ತಂದ ತೊಂದರೆಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಹಸಿದ ಹೊಟ್ಟೆ, ಹರಿದ ಅಂಗಿ, ನೋಡಿಕೊಳ್ಳಬೇಕಾದ ತಮ್ಮ ತಂಗಿಯರು, ಬೆಳಗಾಗುವ ಮುನ್ನವೇ ಕೂಲಿಗೆ ಹೊರಟ ತಾಯಿತಂದೆ: ಇವು ಯಾವ ಪಾಠದಲ್ಲಿಯೂ ಇಲ್ಲ. ಆದರೂ ಮಗು ಶಾಲೆಯಲ್ಲಿ ಉಳಿಯುವುದೋ ಬಿಡುವುದೋ ಎಂಬುದನ್ನು ಬಹುಮಟ್ಟಿಗೆ ಇವೇ ತೀರ್ಮಾನಿಸುತ್ತವೆ. ಹೊಸೂರು, ತಾಳವಾಡಿ, ನೀಲಗಿರಿಗಳ ಕನ್ನಡಿಗರಾದ ನಾವು ಬಾಳುತ್ತಿರುವ ರಾಜ್ಯದಲ್ಲಿ, ಇವುಗಳಲ್ಲೊಂದಾದ ಹಸಿವನ್ನು ಶಾಲೆಯು ತನ್ನ ಹೊಣೆಯೆಂದು ಒಪ್ಪಿಕೊಂಡ ನೂರು ವರ್ಷಗಳ ಚರಿತ್ರೆಯಿದೆ. ಅದನ್ನು ನಮ್ಮ ಮಕ್ಕಳ ನೆಲೆಯಿಂದ ನೋಡುವುದು ಈ ಬರಹದ ಉದ್ದೇಶ.

1920ರಲ್ಲಿ ಪಿಟ್ಟಿ ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದಾಗ, ಮದರಾಸು ನಗರಸಭೆಯು ಥೌಸಂಡ್ ಲೈಟ್ಸ್ ಬಡಾವಣೆಯ ತನ್ನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಉಪಾಹಾರ ನೀಡಲು ನಿರ್ಣಯಿಸಿತು. ಒಂದು ಮಗುವಿಗೆ ದಿನಕ್ಕೆ ಒಂದು ಆಣೆ ಮೀರದಂತೆ ವೆಚ್ಚ ಮಾಡಬೇಕೆಂಬುದು ನಿಯಮ. ಪ್ರಾಥಮಿಕ ಶಿಕ್ಷಣದ ನಿಧಿಯಿಂದ ಊಟಕ್ಕೆ ಹಣ ತೆಗೆಯಲು ಅಂದಿನ ಸರ್ಕಾರ ಒಪ್ಪದೆ ಹೋದುದರಿಂದ 1925ರಲ್ಲಿ ಅದು ನಿಂತಿತು. ಅನ್ನವು ಶಿಕ್ಷಣದ ಭಾಗವೋ ಅಲ್ಲವೋ ಎಂಬ ವಾದ ಅಷ್ಟು ಹಿಂದೆಯೇ ಹುಟ್ಟಿತ್ತು.

ಆ ವಾದಕ್ಕೆ ಉತ್ತರ ದೊರೆತದ್ದು ಕೆ. ಕಾಮರಾಜರ ಕಾಲದಲ್ಲಿ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ಶಾಲೆ ಬಿಟ್ಟಿದ್ದ ಅವರು 1954ರಲ್ಲಿ ಮುಖ್ಯಮಂತ್ರಿಯಾದರು. ದನ ಮೇಯಿಸುತ್ತಿದ್ದ ಹುಡುಗನೊಬ್ಬನನ್ನು ಅವರು, "ಶಾಲೆಗೆ ಏಕೆ ಹೋಗಲಿಲ್ಲ?" ಎಂದು ಕೇಳಿದರೆಂದೂ, ಆತ, "ಹೋದರೆ ಊಟ ನೀವು ಕೊಡುವಿರಾ?" ಎಂದು ಮರುಪ್ರಶ್ನಿಸಿದನೆಂದೂ ಒಂದು ಪ್ರಸಂಗ ತಮಿಳುನಾಡಿನಲ್ಲಿ ಜನಜನಿತವಾಗಿದೆ. 1956ರಲ್ಲಿ ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಆರಂಭವಾಯಿತು. ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಎನ್. ಡಿ. ಸುಂದರವಡಿವೇಲು ಅವರು ಊರವರ ವಂತಿಗೆ ಮತ್ತು ಧಾನ್ಯಗಳನ್ನು ಕೂಡಿಸಿ ಈ ಕಾರ್ಯವನ್ನು ಬೆಳೆಸಿದರು.

ಗಡಿನಾಡಿನವರಿಗೆ 1956 ಮತ್ತೊಂದು ಕಾರಣಕ್ಕೂ ಮರೆಯಲಾಗದ ವರ್ಷ. ಆ ವರ್ಷದ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯವನ್ನು ಸೇರಿತು. ನೆರೆಯ ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಕಾಸರಗೋಡು ಕೇರಳದ ಪಾಲಾಯಿತು. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿಯು ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ತಕ್ಕ ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಶ್ರಮಿಸಬೇಕೆಂದು ಅದು ವಿಧಿಸುತ್ತದೆ. ಹೀಗೆ ಅನ್ನದ ಭರವಸೆಯೂ ನುಡಿಯ ಭರವಸೆಯೂ ಒಂದೇ ವರ್ಷದಲ್ಲಿ ನಮ್ಮ ಮಕ್ಕಳ ಮುಂದೆ ಬಂದು ನಿಂತವು.

ಅನ್ನದ ಭರವಸೆ ಬೆಳೆಯುತ್ತಲೇ ಬಂದಿತು. 1982ರ ಜುಲೈ 1ರಂದು ಎಂ. ಜಿ. ರಾಮಚಂದ್ರನ್ ಅವರ ಸರ್ಕಾರ ಪೌಷ್ಟಿಕ ಊಟದ ಯೋಜನೆಯನ್ನು ಆರಂಭಿಸಿತು. ಊಟದ ಕೇಂದ್ರಗಳಲ್ಲಿ ಸಂಘಟಕಿ, ಅಡುಗೆಯಾಕೆ, ಸಹಾಯಕಿಯರಾಗಿ ಊರಿನ ಹೆಣ್ಣುಮಕ್ಕಳಿಗೆ ಕೆಲಸ ದೊರೆಯಿತು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ದೇಶದ ಎಲ್ಲ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ತಮಿಳುನಾಡಿನಲ್ಲಿ 2022ರಲ್ಲಿ ಬೆಳಗಿನ ಉಪಾಹಾರವೂ ಆರಂಭವಾಗಿ, 2023ರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವ್ಯಾಪಿಸಿತು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದೇನು? ದನ ಮೇಯಿಸುವ ಹುಡುಗನ ಪ್ರಸಂಗವನ್ನು ಮತ್ತೊಮ್ಮೆ ನೆನೆಯೋಣ. ಆತ ಅಳುಕದೆ ಉತ್ತರಿಸಿದ್ದು, ಕೇಳಿದವರು ಅವನ ಮನೆಮಾತಿನಲ್ಲಿಯೇ ಕೇಳಿದ್ದರಿಂದ. ಹಸಿವು ಮುಖದಲ್ಲಿ ಕಾಣುತ್ತದೆ. ಬಡಿಸುವವರಿಗೆ ಭಾಷೆ ಬಾರದಿದ್ದರೂ ತಟ್ಟೆ ತುಂಬುತ್ತದೆ. ಆದರೆ ಮನೆಯ ಜಗಳ, ತಂದೆಯ ಕುಡಿತ, ತಾಯಿಯ ಕಾಯಿಲೆ, ದಾರಿಯ ಭಯ ಇವು ಮುಖದಲ್ಲಿ ಕಾಣುವುದಿಲ್ಲ. ಮಗುವೇ ಬಾಯಿಬಿಟ್ಟು ಹೇಳಬೇಕು. ಆರು ವರ್ಷದ ಮಗು ದುಃಖವನ್ನು ಹೇಳಿಕೊಳ್ಳುವುದು ಅವ್ವನಿಂದ ಕಲಿತ ಮಾತಿನಲ್ಲಿಯೇ. ಆ ಮಾತನ್ನು ಅರಿಯುವ ಒಬ್ಬರಾದರೂ ಶಾಲೆಯಲ್ಲಿ ಇಲ್ಲದಿದ್ದರೆ ಮಗು ಸುಮ್ಮನಾಗುತ್ತದೆ. ಆ ಮೌನವನ್ನು ನಾವು ದಡ್ಡತನವೆಂದು ತಿಳಿಯುತ್ತೇವೆ.

ಗಡಿನಾಡಿನ ಶಾಲೆಯಲ್ಲಿ ಕನ್ನಡ ಶಿಕ್ಷಕರ ಹುದ್ದೆಯೊಂದು ಬರಿದಾದರೆ ಪಾಠ ಹಿಂದೆ ಬೀಳುತ್ತದೆಂದು ನಾವು ಮನವಿ ಬರೆಯುತ್ತೇವೆ. ಮಗುವಿನ ಕಷ್ಟ ಕೇಳುವ ಕಿವಿಯೊಂದು ಇಲ್ಲವಾಯಿತೆಂಬುದನ್ನೂ ಆ ಮನವಿಯಲ್ಲಿ ಬರೆಯಬೇಕಾಗಿದೆ. ಹುದ್ದೆ ತುಂಬುವವರೆಗೆ ಸಂಘದ ಹಿರಿಯರು, ತಾಯಂದಿರು ವಾರಕ್ಕೊಮ್ಮೆ ಊರ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಊಟದ ಹೊತ್ತಿನಲ್ಲಿ ಮಕ್ಕಳ ಪಂಕ್ತಿಯ ಬಳಿ ಕುಳಿತು ಮಾತನಾಡಿಸಬಹುದು. "ಊಟ ಆಯಿತೇ, ಮಗು?" ಎಂದು ಕನ್ನಡದಲ್ಲಿ ಕೇಳಲು ಸರ್ಕಾರದ ಆದೇಶ ಬೇಕಾಗಿಲ್ಲ. ಅನ್ನದ ಭರವಸೆಯನ್ನು ಈ ನಾಡು ಉಳಿಸಿಕೊಂಡಿದೆ, ಅದಕ್ಕೆ ನಾವು ಕೃತಜ್ಞರು. ನುಡಿಯ ಭರವಸೆಯನ್ನು ಉಳಿಸಿಕೊಳ್ಳುವ ಕೆಲಸದಲ್ಲಿ ನಮ್ಮ ಪಾಲೂ ಇದೆ.